ಭಾನುವಾರ ಸಡಿಲ, ಸೋಮವಾರ ಬಿಗಿ

ಮಾವನ ಮುಖ ನನಗೆ ಸರಿಯಾಗಿ ನೆನಪಿಲ್ಲ. ನೆನಪಿದೆ ಅಂದುಕೊಂಡು ಬರೆಯಲು ಕೂತರೆ ಕಣ್ಣ ಮುಂದೆ ಬರುವುದು ಚಿನ್ನದ ಮೈನಿನವರು ಗುರುತಿನ ಚೀಟಿಗೆಂದು ತೆಗೆಸಿದ್ದ ಫೋಟೋದ ಮುಖ, ಯಾರೋ ಆಗ ತಾನೇ ಬೈದ ಹಾಗೆ ಕಣ್ಣು ಬಿಟ್ಟುಕೊಂಡಿದ್ದು. ಅದು ಅವನಲ್ಲ. ಅವನ ಸುತ್ತಿಗೆಯ ಶಬ್ದ ಮಾತ್ರ ಇದೆ. ಚಕ್ರ ಬಿಚ್ಚಿದ ಬರಿಯ ಬ್ರೇಕ್ ಡ್ರಮ್ಮಿನ ಮೇಲೆ ಸಣ್ಣ ಸುತ್ತಿಗೆಯಿಂದ ಒಂದು ಏಟು, ಆಮೇಲೆ ತಲೆ ವಾಲಿಸಿಕೊಂಡು ಸುಮ್ಮನಿರುವುದು. ಏಟು ಚಿಕ್ಕದು, ಸುಮ್ಮನಿರುವುದು ಉದ್ದ. ಉಳಿದದ್ದನ್ನು ಆ ಶಬ್ದಕ್ಕೆ ಜೋಡಿಸುತ್ತಾ ಹೋಗುತ್ತೇನೆ. ಎಲ್ಲಿ ಜೋಡಣೆ ನನ್ನದೇ ಅನ್ನಿಸುತ್ತದೋ ಅಲ್ಲಿ ಹೇಳಿಬಿಡುತ್ತೇನೆ.

ಐವತ್ತರ ದಶಕ ಮುಗಿಯುತ್ತಿತ್ತೋ ಅರವತ್ತರದು ಶುರುವಾಗಿತ್ತೋ, ಆಗ ನಮ್ಮ ಬಳಿ ಯುದ್ಧದ ಕಾಲದ ಒಂದು ಹಳೇ ವ್ಯಾನು ಇತ್ತು. ಬಂಗಾರಪೇಟೆಯ ಅಂಚಿನಲ್ಲಿ ಮನೆ, ಹಿಂದೆ ಸ್ವಲ್ಪ ಹೊಲ. ಅಪ್ಪ ತೀರಿಕೊಂಡಿದ್ದರು. ಸುತ್ತಲಿನ ಹಳ್ಳಿಗಳ ಬದನೆ, ಹುರುಳಿಕಾಯಿ, ಸೊಪ್ಪು ತುಂಬಿಕೊಂಡು ಬೆಳಿಗ್ಗೆ ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಗೆ ಹಾಕಿ ಬರುವುದು ನನ್ನ ಕೆಲಸ. ತುಂಬುವವನು, ಓಡಿಸುವವನು, ಅಂಗಡಿಯವರ ಕೈಲಿ ಬೈಸಿಕೊಳ್ಳುವವನು ಎಲ್ಲ ನಾನೇ. ಹೋಗುವಾಗ ಏರು, ತುಂಬಿದ ಗಾಡಿ. ಬರುವಾಗ ಇಳಿಜಾರು, ಖಾಲಿ ಬುಟ್ಟಿಗಳು.

ಮಾವ ಅಮ್ಮನ ತಮ್ಮ. ಮದುವೆ ಆಗಿರಲಿಲ್ಲ. ಮೈನಿನ ಲೈನಿನಲ್ಲಿ, ಕೆಲಸಗಾರರ ಸಾಲುಮನೆಗಳಲ್ಲಿ, ಒಂದು ಕೋಣೆ ಮಾಡಿಕೊಂಡಿದ್ದ. ಮೈನಿನ ಒಳಗೆ ಅವನ ಕೆಲಸ ಬಂಡೆ ತಟ್ಟುವುದು. ಮದ್ದು ಹಾರಿಸಿ ಹೊಗೆ ಇಳಿದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ಹೋಗುವವನು ಅವನು. ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಕೇಳಬೇಕು. ಕಂಚಿನ ಹಾಗೆ ಖಣ್ ಅಂದರೆ ಬಂಡೆ ಗಟ್ಟಿ, ಕೆಳಗೆ ನಿಲ್ಲಬಹುದು. ಬೊದ್ ಅಂದರೆ ಒಳಗೆ ಎಲ್ಲೋ ಬಿಟ್ಟುಕೊಂಡಿದೆ, ಸಲಾಕೆ ಹಾಕಿ ಕೆಡವಬೇಕು. ಹತ್ತಾರು ಜನ ಅವನ ಕಿವಿಯ ಕೆಳಗೆ ನಿಂತು ಕೆಲಸ ಮಾಡುತ್ತಿದ್ದರು.

ಒಂದು ದಿನ ಖಣ್ ಅಂದ ಬಂಡೆಯೇ ಸಿಡಿಯಿತು. ಅಲ್ಲಿಯವರು ಇದನ್ನು ಏರ್ ಬ್ಲಾಸ್ಟ್ ಅನ್ನುತ್ತಾರೆ. ಆಳದಲ್ಲಿ ಬಂಡೆ ತನ್ನ ಮೇಲಿನ ಭಾರಕ್ಕೆ ತಾನೇ ಸಿಡಿಯುತ್ತದೆ, ಮೇಲೆ ಊರಿನಲ್ಲಿ ನೆಲ ನಡುಗುತ್ತದೆ. ಮಾರುಕಟ್ಟೆಯಲ್ಲಿ ಎಷ್ಟೋ ಸಲ ನೋಡಿದ್ದೇನೆ. ತಕ್ಕಡಿಯ ತಟ್ಟೆಗಳು ತಾವಾಗಿ ತೂಗಾಡುತ್ತವೆ, ಅಂಗಡಿಯ ಸೀಸೆಗಳು ಒಂದಕ್ಕೊಂದು ತಾಕುತ್ತವೆ, ಚೌಕಾಸಿ ಮಾಡುತ್ತಿದ್ದವರು ಒಂದು ಗಳಿಗೆ ಬಾಯಿ ಮುಚ್ಚಿ ನೆಲ ನೋಡುತ್ತಾರೆ. ಆಮೇಲೆ ಬದನೆಕಾಯಿ ಮಾರುವವಳು ಯಾರ ಮನೆಯವರು ಇಳಿದಿದ್ದರೋ ಅಂದು ಮತ್ತೆ ತೂಗುತ್ತಾಳೆ.

ಮಾವ ತಟ್ಟಿ "ಸರಿ ಐತೆ, ಪೋ" ಅಂದ ಜಾಗಕ್ಕೆ ಅವನ ಜೊತೆಗಾರ ಹೋಗಿ ನಿಂತಿದ್ದ. ಲೈನಿನಲ್ಲಿ ಪಕ್ಕದ ಕೋಣೆಯ ತಮಿಳಿನವನು, ಇಬ್ಬರದ್ದೂ ಒಂದೇ ಒಲೆ. ಕುಸಿದ ಕಲ್ಲಿನ ಆಚೆಯಿಂದ, ಗಾಳಿಯ ಕೊಳವೆಯ ಮೇಲೆ ಬಡಿತ ಕೇಳುತ್ತಿತ್ತಂತೆ. ಈಚೆಯಿಂದ ಮಾವ ಬಡಿದರೆ ಆಚೆಯಿಂದ ಉತ್ತರ. ಕಲ್ಲು ತೆಗೆಯುತ್ತಾ ಹೋದರು. ಉತ್ತರ ನಿಂತಿತು. ಇದನ್ನು ಮಾವನೇ ಹೇಳಿದನೋ ಮಾರುಕಟ್ಟೆಯವರ ಬಾಯಲ್ಲಿ ಕೇಳಿದೆನೋ ಹೇಳಲಾರೆ. ಆದರೆ ಮಾವ ಹೇಳಿದ ಹಾಗೆಯೇ ನನ್ನ ಕಿವಿಯಲ್ಲಿದೆ, ಅವನ ಗಂಟಲಿನಲ್ಲಿ.

ಅವನು ನಮ್ಮ ಮನೆಗೆ ಬಂದ. ಮೈಗೆ ಒಂದು ಗಾಯವೂ ಇರಲಿಲ್ಲ. ಮೈನಿನ ಡಾಕ್ಟರು ಹುಷಾರಾದಾಗ ಬಾ ಅಂದಿದ್ದರು, ಕೆಲಸ ಹಾಗೇ ಇತ್ತು. ಹೆಂಚಿನ ಕೆಳಗೆ ಅವನಿಗೆ ಕೂರಲು ಆಗುತ್ತಿರಲಿಲ್ಲ. ಗೋಡೆಯನ್ನು ಬೆರಳ ಗಿಣ್ಣಿನಿಂದ ತಟ್ಟಿ, ಉತ್ತರ ನಂಬದೆ, ಮಂಚವನ್ನು ಹೊಂಗೆ ಮರದ ಕೆಳಗೆ ಹಾಕಿಸಿಕೊಂಡ. ಅಮ್ಮನಿಗೆ ಆಗ ಇದ್ದದ್ದು ಒಂದೇ ಆಸೆ. ತಮ್ಮ ಮತ್ತೆ ಆ ಮೈನಿನ ಬಾವಿಗೆ ಇಳಿಯಬಾರದು, ಬಿಸಿಲಲ್ಲೇ ಅವನಿಗೆ ಹತ್ತುವ ಒಂದು ಕೆಲಸ ಸಿಗಬೇಕು.

"ನಿನ್ನ ಗಾಡಿ ಕೆಲ್ಸ ಏನಾದ್ರೂ ಕೊಡ್ಲಾ ಅವನಿಗೆ," ಅಂದಳು. "ಕಬ್ಬಿಣ ಮುಟ್ಟಿದ ಕೈ ಅದು. ಸುಮ್ಕೆ ಕೂತ್ರೆ ತಲೆ ತಿಂತದೆ."

ಭಾನುವಾರ ಗಾಡಿ ಮನೆಯಲ್ಲೇ ಇರುತ್ತಿತ್ತು. ಬ್ರೇಕು ಸರಿಮಾಡುವುದನ್ನು ಮಾವನಿಗೆ ತೋರಿಸಿಕೊಟ್ಟೆ. ಕಷ್ಟದ ಕೆಲಸವಲ್ಲ. ಡ್ರಮ್ಮಿನ ಒಳಗೆ ಅರ್ಧಚಂದ್ರದ ಹಾಗೆ ಎರಡು ಬ್ರೇಕ್ ಶೂಗಳು ಕೂತಿರುತ್ತವೆ. ಪೆಡಲು ತುಳಿದರೆ ಅವು ಅಗಲಿ ಡ್ರಮ್ಮನ್ನು ಒಳಗಿಂದ ಹಿಡಿಯುತ್ತವೆ. ಹಿಡಿದು ಹಿಡಿದು ಶೂ ಸವೆಯುತ್ತದೆ, ನಡುವೆ ಸಂದು ಬೆಳೆಯುತ್ತದೆ. ಆಗ ಚಕ್ರವನ್ನು ಜಾಕಿಯಿಂದ ಎತ್ತಿ, ಹಿಂಬದಿಯ ತಟ್ಟೆಯಲ್ಲಿರುವ ಚೌಕ ತಲೆಯ ತಿರುಪಿಗೆ ಪಾನಾ ಹಾಕಿ, ಚಕ್ರ ಅಲ್ಲಾಡದಷ್ಟು ಬಿಗಿ ಮಾಡಬೇಕು. ಆಮೇಲೆ ಒಂದೋ ಎರಡೋ ಕಟ್, ಅಂದರೆ ಟಕ್ ಅನ್ನುವ ಒಂದೊಂದು ಹಲ್ಲು, ಹಿಂದಕ್ಕೆ. ಕೈಯಿಂದ ತಿರುಗಿಸಿದರೆ ಚಕ್ರ ತಿರುಗಬೇಕು, ಆದರೆ ಒಳಗೆ ಶೂ ಸರ್ ಸರ್ ಅಂತ ತಾಕುವುದು ಕೇಳಬೇಕು. ಅಷ್ಟೇ.

ಮಾವ ಚಕ್ರವನ್ನು ಪೂರ್ತಿ ಬಿಚ್ಚಿಟ್ಟ. ಬರಿಯ ಡ್ರಮ್ಮಿಗೆ ಸುತ್ತಿಗೆ ತಾಕಿಸಿದ. ಬೊದ್ ಅಂತು. ಅವನ ಕೈ ಹಿಂದಕ್ಕೆ ಬಂತು.

"ಏನ್ಲಾ ಅಳಿಯ, ಇದಕ್ಕೆ ಗಂಟ್ಲು ಕಟ್ಟೈತೆ."

"ಅಂಗೇ ಇರ್ಬೇಕು ಮಾವ. ಸೊಲ್ಪ ತಾಕ್ತಾ ಇರ್ಬೇಕು."

"ತಾಕಿದ್ರೆ ಬೊದ್ ಅಂತದೆ. ಬೊದ್ ಅನ್ನೋದರ ಹತ್ರ ನಿಲ್ಬಾರ್ದು ಕಣ್ಲಾ. ನಿಮ್ಮವ್ವನ್ನ ಕೇಳು, ನಾನು ಎಷ್ಟು ವರ್ಷ ಬದುಕಿದ್ದೆ ಈ ಕಿವಿ ಇಟ್ಕೊಂಡು."

ನಾನು ನಕ್ಕೆ, ತಿದ್ದಲು ಹೋಗಲಿಲ್ಲ. ಅವನು ಕಿವಿಯನ್ನು ನಂಬಿ ಮಾತಾಡಿದ್ದು ಬಂದ ಮೇಲೆ ಅದೇ ಮೊದಲು, ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವನು ಒಂದು ಕಟ್ ಬಿಟ್ಟ, ತಟ್ಟಿದ. ಇನ್ನೊಂದು ಕಟ್, ತಟ್ಟಿದ. ಡ್ರಮ್ಮು ಖಣ್ ಅಂತು. ಆ ನಾದ ಪೂರ್ತಿ ಸಾಯುವವರೆಗೂ ಕಾದ. ಆಮೇಲೆ ಒಂದು ಬೀಡಿ ಹಚ್ಚಿದ.

ಪ್ರತಿ ಭಾನುವಾರ ಇದೇ ನಡೆಯಿತು. ಊಟ ಮಾಡತೊಡಗಿದ. ಬೀದಿಯ ಮಕ್ಕಳಿಗೆ ಡ್ರಮ್ಮು ತಟ್ಟಿ ತೋರಿಸುತ್ತಿದ್ದ. ಮಳೆ ಬಂದರೆ ಹೆಂಚಿನ ಕೆಳಗೂ ಬಂದು ಮಲಗುತ್ತಿದ್ದ. ಪೆಡಲು ದಿನೇ ದಿನೇ ಕೆಳಕ್ಕೆ ಹೋಗುತ್ತಿತ್ತು, ಒಂದರ ಜಾಗದಲ್ಲಿ ಎರಡು ಸಲ ತುಳಿಯುವುದು ನನ್ನ ಕಾಲಿಗೆ ಅಭ್ಯಾಸವಾಯಿತು. ಹಳೇ ಗಾಡಿ, ಎಲ್ಲರೂ ಹಾಗೆಯೇ ತುಳಿಯುತ್ತಿದ್ದರು. ಖಾಲಿ ಗಾಡಿ ಇಳಿಜಾರಿನಲ್ಲಿ ಹೇಗೋ ನಿಲ್ಲುತ್ತಿತ್ತು.

ತುಂಬಿದ ಗಾಡಿ ನಿಲ್ಲಲಿಲ್ಲ. ಮೈನಿನಲ್ಲಿ ವಯಸ್ಸಾಗಿ ಕೆಲಸ ಬಿಟ್ಟ ಒಬ್ಬ ಮುದುಕ ತನ್ನ ಸಾಮಾನನ್ನೆಲ್ಲ ಊರಿಗೆ ಸಾಗಿಸಲು ನನ್ನ ಗಾಡಿ ಕೇಳಿದ್ದ. ಮಂಚ, ಪೆಟ್ಟಿಗೆ, ಸೌದೆ, ಒಂದು ರುಬ್ಬುವ ಕಲ್ಲು. ಬಂಗಾರಪೇಟೆಯ ರೈಲ್ವೆ ಗೇಟಿನ ಹತ್ತಿರ ಬರುತ್ತಿದ್ದೇನೆ, ಗೇಟು ಇಳಿಯಿತು. ತುಳಿದೆ. ಮತ್ತೆ ತುಳಿದೆ. ಪೆಡಲು ಕಾಲಿನ ಕೆಳಗೆ ಕೆಸರಿನ ಹಾಗೆ ಹೋಯಿತು. ಹ್ಯಾಂಡ್ ಬ್ರೇಕು ಎಳೆದದ್ದು ನೆನಪಿದೆ. ಗಾಡಿಯನ್ನು ಪಕ್ಕದ ಜಲ್ಲಿ ರಾಶಿಗೆ ತಿರುಗಿಸಿದ್ದು ನೆನಪಿಲ್ಲ, ಆದರೆ ಗಾಡಿ ಅಲ್ಲೇ ಇತ್ತು, ಮೂತಿ ಮೇಲೆ ಮಾಡಿಕೊಂಡು. ಹಿಂದಿನಿಂದ ರುಬ್ಬುವ ಕಲ್ಲು ಜಾರಿ ಬಂದು ನನ್ನ ಸೀಟಿನ ಬೆನ್ನಿಗೆ ಒಂದು ಸಲ ಬಡಿದು ನಿಂತಿತು. ಗೇಟಿನ ಆಚೆ ರೈಲು ಹೋಯಿತು.

ಗೇಟಿನವನು ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದ. "ಏನ್ ಧಣಿ, ಗಾಡಿ ಸಮೇತ ರೈಲು ಅತ್ತಾಣ ಅಂತ ಬಂದ್ರಾ?"

ಮುದುಕ ಪೆಟ್ಟಿಗೆಯ ಮೇಲೆ ಕೂತೇ ಇದ್ದ. "ಕೆಳಗೆ ಸಾಯ್ಲಿಲ್ಲ, ಇಲ್ಲಿ ಸಾಯಿಸ್ತಿದ್ದೆಯಲ್ಲೋ," ಅಂದು ತಾನೇ ನಗಲು ಶುರುಮಾಡಿದ. ಆ ನಗು ಬೇಗ ನಿಲ್ಲಲಿಲ್ಲ.

ಬಂಗಾರಪೇಟೆಯ ಲಾರಿ ಶೆಡ್ಡಿನ ಮೇಸ್ತ್ರಿ ಡ್ರಮ್ಮು ಬಿಚ್ಚಿ ನೋಡಿ ನನ್ನನ್ನು ಕರೆದ. "ತಂಬಿ, ಯಾರ್ ಕೈ ಇದು? ಶೂ ಲೈನಿಂಗು ಸವೆದೇ ಇಲ್ಲ. ಸವೆಯೋಕೆ ಮೊದಲು ಮುಟ್ಟಬೇಕಲ್ಲ! ಹೊಸ ಗಂಡ ಹೆಂಡ್ತಿ ಥರಾ ದೂರ ದೂರ ಕೂತವೆ." ನಾಲ್ಕೂ ಚಕ್ರಗಳಲ್ಲಿ ಹಾಗೇ ಇತ್ತು. ಬೇರೆ ಏನೂ ಕೆಟ್ಟಿರಲಿಲ್ಲ. ಆಗ ಅರ್ಥವಾಯಿತು. ಬಂಡೆ ಖಣ್ ಅಂದರೆ ಗಟ್ಟಿ, ಡ್ರಮ್ಮು ಖಣ್ ಅಂದರೆ ಅದನ್ನು ಹಿಡಿಯುವವರು ಯಾರೂ ಇಲ್ಲ. ಮೈನಿನ ಕಿವಿಗೆ ಮಾತ್ರ ಇದು ಸರಿ ಅಂತ ಕೇಳಿಸಲು ಸಾಧ್ಯ.

ಮಾವ ಆಗ ಗಾಡಿಯಲ್ಲಿರಲಿಲ್ಲ. ಅಮ್ಮನಿಗೆ ಹೇಳಿದೆ. ಅವಳು ರಾಗಿ ಜರಡಿ ಹಿಡಿಯುತ್ತಿದ್ದವಳು ಜರಡಿ ನಿಲ್ಲಿಸಲಿಲ್ಲ.

"ಅವನಿಗೆ ಏಳ್ಬ್ಯಾಡ. ಈಗ ಇನ್ನ ಬಾಯಿ ಬಿಟ್ಟು ಮಾತಾಡ್ತಾವ್ನೆ. ಈ ಕಿವೀನೂ ತಪ್ಪು ಅಂದ್ಬುಟ್ರೆ ಅವನಿಗೆ ಇನ್ನೇನ್ಲಾ ಐತೆ?"

"ಮತ್ತೆ ನಾನು ಸಾಯ್ಲಾ?"

"ಅವನು ಭಾನ್ವಾರ ಬಿಡ್ಲಿ. ನೀನು ಸೋಮ್ವಾರ ಬಿಗಿ ಮಾಡ್ಕೊ. ಅವನ್ದು ಅವನಿಗೆ, ನಿನ್ದು ನಿನಗೆ."

ಗಾಡಿಯ ಮೂತಿ ನೆಗ್ಗಿದ್ದಕ್ಕೆ ಎಮ್ಮೆ ಅಡ್ಡ ಬಂತು ಅಂತ ಮಾವನಿಗೆ ಹೇಳಿದೆವು. ಸೋಮವಾರ ಬೆಳಕು ಹರಿಯುವಾಗ, ಮಾವ ಕೆರೆಯ ಕಡೆ ಹೋದಾಗ, ನಾನು ಗಾಡಿಯ ಕೆಳಗೆ ಮಲಗಿ ತಿರುಪುಗಳನ್ನು ಬಿಗಿ ಮಾಡುತ್ತಿದ್ದೆ. ಅವನು ಭಾನುವಾರ ಸಡಿಲ ಮಾಡುತ್ತಿದ್ದ. ಗಾಡಿ ಚೆನ್ನಾಗಿ ನಿಲ್ಲುತ್ತಿತ್ತು. ಹೀಗೆ ಎಷ್ಟು ವಾರ ನಡೆಯಿತೋ. ಮನೆಯೊಳಗೆ ಒಂದು ಸಣ್ಣ ಸುಳ್ಳು ಹಾಲು ಕರೆಯುವ ಕೆಲಸದ ಹಾಗೆ ದಿನಚರಿಗೆ ಸೇರಿಕೊಂಡಿತ್ತು.

ಒಂದು ಭಾನುವಾರ ಮಟಮಟ ಮಧ್ಯಾಹ್ನ ಮಾವ ನನ್ನನ್ನು ಕರೆದ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಹೊಂಗೆಯ ನೆರಳು ಮರದ ಬುಡದಲ್ಲಿ ಮುದುಡಿಕೊಂಡಿತ್ತು. ಡ್ರಮ್ಮಿನ ಅಂಚಿನಲ್ಲಿ ಹಿಟ್ಟಿನಂಥ ಬಿಳಿ ಧೂಳು. ಚಿನ್ನ ತೆಗೆದು ಉಳಿದ ಪುಡಿ ಸುರಿದ ಮೈನಿನ ಸಯನೈಡ್ ದಿಬ್ಬಗಳ ಧೂಳು ಗಾಳಿ ಎದ್ದಾಗ ಗಾಡಿಗೆ ಹತ್ತಿ ನಮ್ಮ ಮನೆಯವರೆಗೂ ಬರುತ್ತಿತ್ತು. ಮಾವ ಅದನ್ನು ಒರೆಸಿರಲಿಲ್ಲ.

"ಕಬ್ಬಿಣ ಉಜ್ಜಿ ಉಜ್ಜಿ ಸವೆದ್ರೆ ಏನಾಯ್ತದ್ಲಾ?"

"ಸಡಿಲ ಆಯ್ತದೆ ಮಾವ."

"ಬಿಗಿ ಆಯ್ತದಾ?"

"ಇಲ್ಲ."

"ಇದು ಆಯ್ತಾ ಐತೆ." ಸುತ್ತಿಗೆ ತಾಕಿಸಿದ. ಬೊದ್. "ನಾನು ಬಿಟ್ಟು ಓಯ್ತೀನಿ. ವಾರ ತುಂಬೋದ್ರೊಳಗೆ ಇಡ್ಕೊಂಡಿರ್ತದೆ. ನಾಲ್ಕೂ. ಓದ ವಾರಾನೂ ಅಂಗೇ, ಅದರ ಇಂದಿನ ವಾರಾನೂ ಅಂಗೇ. ಯಾರೋ ಒಳಗಿಂದ ಇಡ್ಕೊಂತಾರೆ."

ಹೇಳಿಬಿಡಬೇಕು ಅಂತ ಬಾಯಿ ತೆರೆದೆ. ಬಾಗಿಲಲ್ಲಿ ಅಮ್ಮ ನಿಂತಿದ್ದಳು, ತಲೆ ಅಡ್ಡಡ್ಡ ಆಡಿಸಿದಳು. ಮಾವನ ಮುಖದಲ್ಲಿ ಭಯ ಇದ್ದಿದ್ದರೆ ಹೇಳುತ್ತಿದ್ದೆ ಅನ್ನಿಸುತ್ತದೆ. ಭಯ ಇರಲಿಲ್ಲ. ಮುಖ ನೆನಪಿಲ್ಲ ಅಂದವನು ಇದನ್ನು ಹೇಗೆ ಹೇಳುತ್ತಿದ್ದೇನೋ ಗೊತ್ತಿಲ್ಲ, ಆದರೆ ಭಯ ಇರಲಿಲ್ಲ. ಅವನು ಡ್ರಮ್ಮಿನ ಮೇಲೆ ಅಂಗೈ ಇಟ್ಟು, ಜ್ವರ ಬಂದ ಮಗುವಿನ ಹಣೆ ನೋಡುವವನ ಹಾಗೆ ಕೂತಿದ್ದ.

"ಕೈ ಬಿಟ್ಟಿಲ್ಲ ಅವನು ಇನ್ನ," ಅಂದ.

ಆಮೇಲೆ ಅವನ ದಾರಿ ಬದಲಾಯಿತು. ಸಡಿಲ ಮಾಡುವುದನ್ನು ಬಿಡಲಿಲ್ಲ. ಆದರೆ ಈಗ ಅದು ಬ್ರೇಕಿನ ಕೆಲಸವಲ್ಲ, ಒಂದು ಪ್ರಶ್ನೆ ಕೇಳಿ ವಾರವಿಡೀ ಉತ್ತರಕ್ಕೆ ಕಾಯುವ ಕೆಲಸ. ಉತ್ತರವನ್ನು ನಾನು ಪಾನಾ ಹಿಡಿದು ಕೊಡುತ್ತಿದ್ದೆ. ಕೊಡದಿದ್ದರೆ ಗಾಡಿ ನಿಲ್ಲುವುದಿಲ್ಲ. ಅವನು ಮುದ್ದೆಯ ತಟ್ಟೆಯನ್ನು ಚಕ್ರದ ಹತ್ತಿರ ತಂದುಕೊಂಡು ಉಣ್ಣುತ್ತಿದ್ದ. ತಮಿಳಿನಲ್ಲಿ ಏನೋ ಹೇಳಿ ತಾನೇ ನಗುತ್ತಿದ್ದ, ಒಂದೇ ಒಲೆಯ ಆ ಜೊತೆಗಾರನೊಂದಿಗೆ ಹಳೇ ಜಗಳವೊಂದನ್ನು ಮುಂದುವರಿಸುವವನ ಹಾಗೆ. ನಮ್ಮ ಜೊತೆ ಮಾತು ಕಡಿಮೆಯಾಯಿತು. ಅಮ್ಮ ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಅವನು ಅದನ್ನು ಬಿಚ್ಚಿ ಬೇಲಿಯ ಆಚೆ ಎಸೆದ. "ಅವನು ಎದ್ರಿಕೊಂಬುಟ್ಟಾನು," ಅಂದ.

ಈ ನಡುವೆ ಕಾಮಸಮುದ್ರದ ಕಡೆ ನಮ್ಮ ದೊಡ್ಡಪ್ಪ ಒಬ್ಬರು ತೀರಿಕೊಂಡರು. ಶನಿವಾರ ಸಂಜೆ ಸುದ್ದಿ ಬಂತು, ನಾನು ಬಸ್ಸಿನಲ್ಲಿ ಹೋದೆ. ಆ ಭಾನುವಾರ ಮಾವ ಎಂದಿನಂತೆ ಸಡಿಲ ಮಾಡಿದ್ದಾನೆ. ಸೋಮವಾರ ನಾನಿಲ್ಲ. ವಾರವೆಲ್ಲ ಗಾಡಿ ಸಣ್ಣ ಮಳೆಯಲ್ಲಿ ನೆನೆಯುತ್ತಾ ಅಂಗಳದಲ್ಲೇ ನಿಂತಿದೆ. ಅಲ್ಲಿಯ ಕಾರ್ಯ ಮುಗಿಸಿ ಮುಂದಿನ ಭಾನುವಾರ ಬಂದೆ. ಮಾವ ಚಕ್ರ ಬಿಚ್ಚಿಕೊಂಡು ಕೂತಿದ್ದ. ಮೂರು ಡ್ರಮ್ಮು ಖಣ್ ಅಂದವು. ಎಡಗಡೆಯ ಹಿಂದಿನದಕ್ಕೆ ಬಂದ. ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. ನಾನು ತಟ್ಟಿದೆ.

ಬೊದ್ ಅಂತು. ತಿರುಗಿಸಲು ನೋಡಿದೆ, ಒಂದು ಬೆರಳಷ್ಟೂ ತಿರುಗಲಿಲ್ಲ. ಒಳಗಿಂದ ಹಿಡಿದುಕೊಂಡಿತ್ತು.

ನಾನು ಯಾರನ್ನು ಕೇಳಬಹುದಿತ್ತೋ ಅವರನ್ನೆಲ್ಲ ಕೇಳಿದೆ. ನಿಂತ ಗಾಡಿ, ಮಳೆ, ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ ಅಂದ ಮೇಸ್ತ್ರಿ. ಆದರೆ ಅಷ್ಟು ದೂರ ಬಿಟ್ಟ ಶೂ ಅಂಟಿಕೊಳ್ಳಲು ಮೊದಲು ಅಲ್ಲಿಯವರೆಗೆ ಹೋಗಬೇಕು ಅಂದೆ. ಅವನು ಕೈ ಒರೆಸಿಕೊಂಡು ಬೇರೆ ಲಾರಿಯ ಕಡೆ ಹೋದ. ಅಮ್ಮ ತಾನು ಮುಟ್ಟಿಲ್ಲ ಅಂದಳು, ಅವಳಿಗೆ ಪಾನಾ ಯಾವುದು ಅಂತಲೂ ಗೊತ್ತಿರಲಿಲ್ಲ. ಮಾವ ತಾನೇ ಬಿಗಿ ಮಾಡಿಕೊಂಡು ತಾನೇ ಮರೆತಿರಬಹುದು. ಅವನಿಗೆ ಉತ್ತರ ಅಷ್ಟು ಬೇಕಿತ್ತು. ಹೆಚ್ಚಾಗಿ ಇದನ್ನೇ ನಂಬುತ್ತೇನೆ. ಕಾಮಸಮುದ್ರಕ್ಕೆ ಹೋದ ವಾರವೇ ಬೇರೆ, ಡ್ರಮ್ಮು ಹಿಡಿದುಕೊಂಡ ವಾರವೇ ಬೇರೆ, ಎರಡನ್ನೂ ನಾನು ಆಮೇಲೆ ಕೂಡಿಸಿದ್ದೇನೆ ಅಂತಲೂ ಅನುಮಾನಪಟ್ಟಿದ್ದೇನೆ. ಆದರೆ ಬೋಳಿಸಿದ ನನ್ನ ತಲೆಯ ಮೇಲೆ ಆ ದಿನ ಬಿಸಿಲು ಚುರುಗುಟ್ಟಿದ್ದು ನೆನಪಿದೆ. ತಲೆ ಬೋಳಿಸಿದ್ದು ಆ ಸಾವಿಗೇ.

ಮಾವ ಅವತ್ತು ಉಣ್ಣಲಿಲ್ಲ. ಮರುದಿನವೂ ಚಕ್ರಕ್ಕೆ ಕಿವಿ ಒತ್ತಿಕೊಂಡು ಅಂಗಳದ ಕೆಸರಿನಲ್ಲೇ ಕೂತ. ಅಮ್ಮ ನನ್ನ ಹತ್ತಿರ ಬಂದು, "ಏಳ್ಬುಡಪ್ಪ," ಅಂದಳು. "ನೀನೇ ಅಂತ ಏಳ್ಬುಡು. ಕಿವಿ ಓದ್ರೆ ಓಗ್ಲಿ, ಮನುಷ್ಯ ಉಳೀಲಿ."

ಹೋಗಿ ಅವನ ಪಕ್ಕ ಕೂತೆ. ರೈಲ್ವೆ ಗೇಟು, ಜಲ್ಲಿ ರಾಶಿ, ಮೇಸ್ತ್ರಿ, ಸೋಮವಾರದ ಬೆಳಗಿನ ಪಾನಾ, ಎಲ್ಲ ಹೇಳಿದೆ. ಅವನು ಕಿವಿಯನ್ನು ಡ್ರಮ್ಮಿನಿಂದ ತೆಗೆಯದೆ ಕೇಳಿದ. ಮುಗಿದ ಮೇಲೆ ನಕ್ಕ. ಒಳ್ಳೆಯ ನಗು, ಕೋಪದ್ದಲ್ಲ.

"ಕಳ್ ನನ್ಮಗನೆ. ಸೋಮ್ವಾರ ಸೋಮ್ವಾರ ನೀನೇನಾ?"

"ನಾನೇ ಮಾವ."

"ನಾಲ್ಕೂನಾ?"

"ನಾಲ್ಕೂ."

"ಬೊದ್ ಅಂದ್ರೆ ಒಳ್ಳೇದಾ ಇದರಲ್ಲಿ?"

"ಇದರಲ್ಲಿ ಒಳ್ಳೇದು."

"ಥೂ. ಮೇಲುಗಡೆ ಎಲ್ಲಾ ಉಲ್ಟಾ ಬುಡಪ್ಪ." ಎದ್ದು ಮೊಣಕಾಲಿನ ಕೆಸರು ಒರೆಸಿಕೊಂಡ. ಅಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು, ಅವಳ ಭುಜ ಸಡಿಲವಾದದ್ದು ಕಂಡಿತು. ಅವನು ಮನೆಯ ಕಡೆ ಅರ್ಧ ದಾರಿ ಹೋದವನು ತಿರುಗಿ ನಿಂತ.

"ಕಾಮಸಮುದ್ರಕ್ಕೆ ಓಗಿದ್ಯಲ್ಲ. ಆ ವಾರದ್ದೂ ನೀನೇನಾ?"

ಹೌದು ಅಂದಿದ್ದರೆ ಸಾಕಿತ್ತು. ಇಲ್ಲ ಅಂದೆನೋ, ತಲೆ ಆಡಿಸಿದೆನೋ, ಸುಮ್ಮನಿದ್ದೆನೋ ತಿಳಿಯದು. ಸುಮ್ಮನಿದ್ದೆ ಅಂತ ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು. ಒಂದು ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ ಇವನಿಗೆ, ವಾರಗಟ್ಟಲೆ ಹೇಳಿದವನು, ಅನ್ನುತ್ತಿದ್ದಳು. ನನ್ನ ಬೋಳು ತಲೆಯೇ ಅವನಿಗೆ ಉತ್ತರವಾಗಿತ್ತೋ ಏನೋ. ಮಾವ ಒಳಗೆ ಹೋಗಿ, ಹೆಂಚಿನ ಕೆಳಗೆ ಕೂತು, ಹೊಟ್ಟೆ ತುಂಬ ಉಂಡ.

ಮರುದಿನ, ಹಿಡಿದಿದ್ದ ಚಕ್ರವನ್ನು ನಾನು ಬಿಡಿಸಿ ನಾಲ್ಕನ್ನೂ ಸರಿಮಾಡಿದ ಮೇಲೆ, ಮಾವ ಬದನೆಕಾಯಿ ಬುಟ್ಟಿಗಳ ನಡುವೆ ತನ್ನ ಗಂಟು ಇಟ್ಟುಕೊಂಡು ನನ್ನ ಪಕ್ಕದಲ್ಲಿ ಹತ್ತಿ ಕೂತ. ಅಮ್ಮ ಗಾಡಿಯ ಬಾಗಿಲು ಹಿಡಿದುಕೊಂಡಿದ್ದಳು.

"ಯಾಕ್ಲಾ ತಮ್ಮ ಓಯ್ತೀಯ? ನಿನಗೆ ಯಾರೂ ಏನೂ ಅನ್ನಲಿಲ್ಲವಲ್ಲ."

"ಅವನು ಇಲ್ಲಿವರೆಗೂ ಬಂದು ಕೂಗಿದ ಮೇಲೆ ಓಗ್ಬಾರ್ದೇನಕ್ಕ?" ಅಂದು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

ದಾರಿಯುದ್ದಕ್ಕೂ ಮಳೆ, ಬೆಳೆ, ರೋಡಿನ ಗುಂಡಿಗಳ ಮಾತಾಡಿದ. ಮೈನಿನ ಗೇಟಿನ ಹತ್ತಿರ ಇಳಿದ. ನಾನು ಒಂದೇ ಸಲ ತುಳಿದಿದ್ದೆ, ಗಾಡಿ ನಿಲ್ಲಬೇಕಾದಲ್ಲಿ ನಿಂತಿತು. ಅದನ್ನು ಗಮನಿಸಿ ಚೆನ್ನಾಗೈತೆ ಅನ್ನುವ ಹಾಗೆ ತಲೆಯಾಡಿಸಿದ. ಪಾಳಿಯವರ ಗುಂಪು ಅವನನ್ನು ಸೇರಿಸಿಕೊಂಡು ಒಳಗೆ ಹೋಯಿತು.

ಬಂಡೆ ತಟ್ಟುವ ಕೆಲಸವನ್ನೇ ಅವನಿಗೆ ಮತ್ತೆ ಕೊಟ್ಟರು. ಬಹಳ ವರ್ಷ ಮಾಡಿದ. ಅವನು ಸರಿ ಐತೆ ಅಂದ ಜಾಗದಲ್ಲಿ ಮತ್ತೆ ಯಾರಿಗೂ ಏನೂ ಆಗಲಿಲ್ಲ ಅಂತ ಮಾರುಕಟ್ಟೆಯಲ್ಲಿ ಹೇಳುತ್ತಿದ್ದರು. ಯುಗಾದಿಗೆ ಮನೆಗೆ ಬರುತ್ತಿದ್ದ, ಮೈ ಕೈ ತುಂಬಿಕೊಂಡಿದ್ದ. ಒಂದು ವರ್ಷ ಅಮ್ಮ ಹೋಳಿಗೆಗೆ ತುಪ್ಪ ಹಾಕುತ್ತಾ ತಡೆಯಲಾರದೆ ಕೇಳಿದಳು.

"ಅಷ್ಟು ಆಳದಾಗೆ, ಕತ್ಲಲ್ಲಿ, ಎಲ್ರಿಗಿಂತ ಮುಂದೆ ಒಬ್ಬನೇ ಓಯ್ತೀಯಲ್ಲೋ, ಭಯ ಆಗಲ್ವೇನೋ?"

ಮಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದ, ಅವಳು ಏನು ಕೇಳಿದಳು ಅನ್ನುವುದೇ ಅರ್ಥವಾಗದವನ ಹಾಗೆ.

"ಒಬ್ಬನೇ ಎಲ್ಲಿ ಓಯ್ತೀನಕ್ಕ?" ಅಂದ.